ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ

ಈ ಬರಹದಲ್ಲಿ ಯಾರ ಹೆಸರೂ ಬರುವುದಿಲ್ಲ. ಅಧ್ಯಕ್ಷರ ಹೆಸರು ಬರೆದರೆ ಅವರು ಇದನ್ನು ಊರಿಗೆಲ್ಲ ಈಮೇಲ್ ಮಾಡಿ ಸಂತೋಷಪಡುತ್ತಾರೆ. ಬೈದಿದ್ದರೂ ಚಿಂತೆಯಿಲ್ಲ, ಹೆಸರು ಅಚ್ಚಾಯಿತಲ್ಲ ಎನ್ನುವವರ ಪೈಕಿ ಅವರು. ಆ ಸಂತೋಷವನ್ನು ಅವರಿಗೆ ಕೊಡುವ ಮನಸ್ಸು ನನಗಿಲ್ಲ. ಇನ್ನೊಬ್ಬರ ಹೆಸರಿದೆ. ಅದನ್ನು ಹೇಳಬೇಕಾದ ಕಡೆ ಬಾಯಿಬಿಟ್ಟು ಹೇಳಿ ಆಗಿದೆ.

ನಾನು ಮೈಸೂರಿನವಳು. ಅಲ್ಲಿ ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ಚರಿತ್ರೆ ಪಾಠ ಹೇಳುತ್ತಿದ್ದೆ. ಗಂಡನಿಗೆ ಅಮೆರಿಕದ ಬಾಸ್ಕಿಂಗ್ ರಿಡ್ಜ್‌ನಲ್ಲಿ ಕೆಲಸ ಸಿಕ್ಕಿ ನಾವು ಮಾನ್ಮತ್ ಜಂಕ್ಷನ್ನಿನ ಅಪಾರ್ಟ್‌ಮೆಂಟಿಗೆ ಬಂದೆವು. ಅವರ ವೀಸಾ ಅವರನ್ನು ದುಡಿಯಲು ಕರೆಸಿಕೊಂಡಿತ್ತು. ನನ್ನ ವೀಸಾ ನಾನು ದುಡಿಯಕೂಡದು ಎಂದು ತಾಕೀತು ಮಾಡಿತ್ತು. ಅದು ಸಾಫ್ಟ್‌ವೇರಿನ ಸುಗ್ಗಿಯ ಕಾಲ. ಎಲ್ಲರೂ ಒಂದೊಂದು ಅಡಿಗೆ ತರುವ ಪಾಟ್‌ಲಕ್ ಊಟಕ್ಕೆಂದು ಯಾರ ಮನೆಗೆ ಹೋದರೂ ಗಂಡಸರು ಒಂದು ಕಡೆ ಸ್ಟಾಕ್ ಆಪ್ಷನ್, ಗ್ರೀನ್ ಕಾರ್ಡ್ ಎಂದು ಮಾತಾಡುತ್ತಿದ್ದರು. ನಡುವೆ ಯಾರಾದರೊಬ್ಬರು ಮರ್ಯಾದೆಗೆ ನನ್ನ ಕಡೆ ತಿರುಗಿ, "ನೀವೇನು ಮಾಡ್ಕೊಂಡಿದ್ರಿ ಮೇಡಮ್, ಇಂಡಿಯಾದಲ್ಲಿ?" ಎನ್ನುತ್ತಿದ್ದರು. ಹಿಸ್ಟರಿ ಎಂದರೆ ಮುಗಿಯಿತು. "ಓ, ಡೇಟ್ಸ್ ಎಲ್ಲ ಬೈಹಾರ್ಟ್ ಮಾಡೋದು! ಸಖತ್ ಬೋರ್ ಅದು." ಎರಡು ಸಾವಿರದ ಇಸವಿ ಬಂದ ಕೂಡಲೇ ಕಂಪ್ಯೂಟರುಗಳೆಲ್ಲ ತಲೆಕೆಟ್ಟು ಸಾವಿರದ ಒಂಬೈನೂರಕ್ಕೆ ಹಿಂತಿರುಗಿಬಿಡುತ್ತವೆ ಎಂದು ಹೆದರಿ ಅಮೆರಿಕ ಇವರನ್ನು ಕರೆಸಿಕೊಂಡಿತ್ತು. ಬೆಳಗಿನಿಂದ ಸಂಜೆಯವರೆಗೆ ತಾರೀಖು ತಿದ್ದಿ ಸಂಬಳ ತರುವವರು ನನಗೆ ತಾರೀಖು ಬೋರ್ ಎಂದು ಹೇಳುತ್ತಿದ್ದರು. ನಾನು ಕೋಸಂಬರಿ ಹಾಕಿಕೊಂಡು ಬೇರೆ ಕಡೆ ಹೋಗಿ ಕೂರುತ್ತಿದ್ದೆ.

ನಮ್ಮ ಕಡೆಯ ಕನ್ನಡ ಸಂಘದ ಅಧ್ಯಕ್ಷರು ಬೆಂಗಳೂರಿನವರು. ಪ್ರಾಜೆಕ್ಟ್ ಮ್ಯಾನೇಜರ್. ಮಾತು ಬೆಣ್ಣೆ. 'ಇಲ್ಲ' ಎನ್ನುವ ಪದವನ್ನು ಅವರ ಬಾಯಲ್ಲಿ ನಾನು ಒಂದು ದಿನವೂ ಕೇಳಲಿಲ್ಲ. ಯಾರು ಏನು ಕೇಳಿದರೂ "ಖಂಡಿತ" ಎನ್ನುತ್ತಿದ್ದರು. ನಿಮ್ಮ ಮಗಳ ಭರತನಾಟ್ಯ ಇಡಿಸೋಣ, ಖಂಡಿತ. ಡ್ಯಾನ್ಸ್ ಐಟಮ್ ಕಮ್ಮಿ ಮಾಡೋಣ, ಖಂಡಿತ. ಇವೆರಡೂ ಒಂದೇ ಸಂಜೆ, ಒಂದೇ ಸೋಫಾದ ಎರಡು ತುದಿಗಳಲ್ಲಿ ಕೂತವರಿಗೆ ಕೊಟ್ಟ ಮಾತು. ಆಮೇಲೆ ಇಬ್ಬರೂ ಜಗಳಕ್ಕೆ ನಿಂತಾಗ ಅಧ್ಯಕ್ಷರು ನಡುವೆ ಬಂದು ಸಮಾಧಾನ ಮಾಡಿಸಿ, ಅದಕ್ಕೂ ಧನ್ಯವಾದ ಹೇಳಿಸಿಕೊಂಡು ಹೋಗುತ್ತಿದ್ದರು.

ಆ ವರ್ಷ ರಾಜ್ಯೋತ್ಸವಕ್ಕೆ ಹಾಲ್ ಸಿಗಲಿಲ್ಲ. ಪ್ರತಿ ವರ್ಷ ಮಾಡುತ್ತಿದ್ದ ಹೈಸ್ಕೂಲಿನ ಆಡಿಟೋರಿಯಮ್ಮನ್ನು ಗುಜರಾತಿಗಳು ಮುಂಚೆಯೇ ಹಿಡಿದಿದ್ದರು. ಹುಡುಕಿ ಹುಡುಕಿ ಕೊನೆಗೆ ಯಹೂದಿಗಳ ಪ್ರಾರ್ಥನಾ ಮಂದಿರವೊಂದರ ಹಾಲ್ ಸಿಕ್ಕಿತು. ಮರದ ನೆಲ, ಒಳ್ಳೆಯ ಸ್ಟೇಜು, ಪಕ್ಕದಲ್ಲೇ ದೊಡ್ಡ ಅಡಿಗೆಮನೆ. ಮಾಂಸ ತರಬಾರದು ಎನ್ನುವುದೊಂದೇ ಷರತ್ತು. ನಮ್ಮವರಿಗೆ ಅದೊಂದು ಷರತ್ತು ಅಂತಲೇ ಅನ್ನಿಸಲಿಲ್ಲ. ಹಾಲಿನ ಉಸ್ತುವಾರಿ ನೋಡಿಕೊಳ್ಳುತ್ತಿದ್ದವರು ಹಲ್ಲಿನ ಡಾಕ್ಟರಾಗಿ ರಿಟೈರ್ ಆಗಿದ್ದ ಒಬ್ಬ ಮುದುಕರು. ಮಾತು ಕಮ್ಮಿ, ಕಣ್ಣಲ್ಲಿ ಸದಾ ಒಂದು ತುಂಟತನ. ಎದುರಿಗಿದ್ದವರು ಮಾತಾಡುವಾಗ ಅವರ ಹಲ್ಲನ್ನೇ ನೋಡುವುದು ಅವರ ಹಳೆಯ ಅಭ್ಯಾಸ.

ಹಾಲ್ ಸಿಕ್ಕ ವಾರವೇ ಅಧ್ಯಕ್ಷರಿಗೆ ಯಾರೋ ಒಂದು ಈಮೇಲ್ ಫಾರ್ವರ್ಡ್ ಮಾಡಿದರು. ಮೊದಲನೇ ಮಹಾಯುದ್ಧದಲ್ಲಿ ಪ್ಯಾಲೆಸ್ಟೈನಿನ ಹೈಫಾ ಪಟ್ಟಣವನ್ನು ತುರ್ಕರ ಕೈಯಿಂದ ಬಿಡಿಸಿದ್ದು ಇಂಡಿಯಾದ ಕುದುರೆ ಸವಾರರು, ಅದರಲ್ಲಿ ಮೈಸೂರು ಮಹಾರಾಜರ ಪಡೆಯೂ ಇತ್ತು ಎಂದು. ಈ ವಿಷಯ ನಿಜ. ಆದರೆ ನಿಜವಾದ ವಿಷಯ ಅಧ್ಯಕ್ಷರ ಕೈಗೆ ಸಿಗುವುದು ಮಗುವಿನ ಕೈಗೆ ಕತ್ತರಿ ಸಿಕ್ಕ ಹಾಗೆ. ಭಾನುವಾರ ಇಂಡಿಯನ್ ಅಂಗಡಿಗಳಿರುವ ಐಸೆಲಿನ್ನಿಗೆ ಹೋದವರು ದಾರಿಯಲ್ಲಿ ಮೈಸೂರು ಪಾಕಿನ ಡಬ್ಬಿ ಹಿಡಿದು ನಮ್ಮ ಮನೆಗೆ ಬಂದರು.

"ಮೇಡಮ್, ನಿಮ್ದು ಹಿಸ್ಟರಿ ಅಲ್ವಾ? ಫೈನಲಿ ನಿಮ್ಮ ಸಬ್ಜೆಕ್ಟ್ ಯೂಸ್ ಆಗೋ ಟೈಮ್ ಬಂತು," ಎಂದರು.

ನಾನು ಡಬ್ಬಿ ಮುಚ್ಚಿ ಪಕ್ಕಕ್ಕಿಟ್ಟೆ.

"ಥೀಮ್ ಏನು ಗೊತ್ತಾ? ಜ್ಯೂಯಿಶ್ ಜನಕ್ಕೆ ದೇಶ ಕೊಡಿಸಿದ್ದೇ ನಾವು ಮೈಸೂರಿನೋರು. ಅವರ ಹಾಲಲ್ಲೇ ಇದನ್ನ ಅನೌನ್ಸ್ ಮಾಡಿದ್ರೆ ಇಂಪ್ಯಾಕ್ಟ್ ಹೇಗಿರತ್ತೆ! ಐದು ನಿಮಿಷದ ಸ್ಪೀಚ್ ಬರ್ಕೊಡಿ. ಕಂಟೆಂಟ್ ನಿಮ್ದು, ಡೆಲಿವರಿ ನಂದು."

ಗಂಡ ನನ್ನ ಮುಖ ನೋಡಿ, ಕಾಫಿ ಮಾಡುವ ನೆಪದಲ್ಲಿ ಒಳಗೆ ಹೋದರು.

ಈ ಪಾಠವನ್ನು ಕ್ಲಾಸಿನಲ್ಲಿ ಮಾಡುವಾಗ ಹುಡುಗಿಯರು ನಗುತ್ತಿದ್ದರು. ನಗುವಂಥದ್ದೇ. ಪ್ಯಾಲೆಸ್ಟೈನಿನ ನೆಲ ಇನ್ನೂ ತುರ್ಕಿಯ ಸುಲ್ತಾನನ ಕೈಯಲ್ಲಿತ್ತು, ಲಂಡನ್ನಿನ ದೊಡ್ಡಮನುಷ್ಯರು ಆಗಲೇ ಅದನ್ನು ಮೂರು ಕಡೆ ಹಂಚಿ ಮುಗಿಸಿದ್ದರು. ನೀನು ಸುಲ್ತಾನನ ಮೇಲೆ ಏಳು, ಗೆದ್ದರೆ ಅರಬರದೇ ಒಂದು ರಾಜ್ಯ ಎಂದು ಮೆಕ್ಕಾದ ಷರೀಫನಿಗೆ ಬರೆದರು. ಯಾವ ಊರು ಆ ರಾಜ್ಯದ ಒಳಗೆ, ಯಾವುದು ಹೊರಗೆ ಎನ್ನುವುದನ್ನು ಮಾತ್ರ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಬರೆದರು. ಅತ್ತ ಆ ಪತ್ರಗಳು ಓಡಾಡುತ್ತಿರುವಾಗಲೇ ಇತ್ತ ಬಾಗಿಲು ಹಾಕಿಕೊಂಡು ಫ್ರೆಂಚರ ಜೊತೆ ಕೂತು, ನಕಾಶೆಯ ಮೇಲೆ ಗೆರೆ ಎಳೆದು, ಇಷ್ಟು ನಿನಗೆ ಇಷ್ಟು ನನಗೆ ಎಂದು ಪಾಲು ಮಾಡಿಕೊಂಡರು. ಅದಾದ ಮೇಲೆ ವಿದೇಶ ಮಂತ್ರಿ ಒಬ್ಬ ಶ್ರೀಮಂತ ಯಹೂದಿ ಪ್ರಭುವಿಗೆ ಪುಟ್ಟ ಪತ್ರ ಬರೆದ. ಪ್ಯಾಲೆಸ್ಟೈನಿನಲ್ಲಿ ಯಹೂದಿಗಳಿಗೊಂದು 'ನ್ಯಾಷನಲ್ ಹೋಮ್' ಆಗುವುದು ಸರ್ಕಾರಕ್ಕೆ ಸಮ್ಮತ ಎಂದು. ರಾಜ್ಯ ಎನ್ನಲಿಲ್ಲ, ದೇಶ ಎನ್ನಲಿಲ್ಲ. ಮನೆ ಎಂದರು. ನಾಳೆ ಯಾರಾದರೂ ಜಗಳ ತೆಗೆದರೆ, ನಾವು ಹಾಗಲ್ಲವಲ್ಲ ಅಂದದ್ದು ಎನ್ನಲು ಜಾಗ ಬೇಕಲ್ಲ. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ.

ಆ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಹೇಸಿಗೆ ಹುಟ್ಟಿಸಿದ್ದು ಇನ್ನೊಂದು. ಆ ನೆಲದ ತುಂಬ ಅರಬರಿದ್ದರು. ಹೊಲ ಇಟ್ಟುಕೊಂಡವರು, ಅಂಗಡಿ ಇಟ್ಟುಕೊಂಡವರು, ಆಲಿವ್ ತೋಪಿನವರು. ಅವರ ಹೆಸರನ್ನು ಆ ಪತ್ರ ಎತ್ತಲಿಲ್ಲ. ಯಹೂದಿಗಳಲ್ಲದ ಸಮುದಾಯಗಳು ಎಂದು ಬಿಟ್ಟಿತು. ಅಂದರೆ ಇತರರು. ಮನೆಯ ತುಂಬ ಇದ್ದವರನ್ನು ಇತರರು ಎಂದು ಕರೆದು, ಅವರ ಹಕ್ಕಿಗೇನೂ ಧಕ್ಕೆಯಾಗದು ಎಂದು ಒಂದು ಸಾಲು ಸೇರಿಸಿದರು. ಆ ಸರ್ಕಾರದಲ್ಲಿದ್ದ ಒಬ್ಬನೇ ಯಹೂದಿ ಮಂತ್ರಿ, ನಮ್ಮ ಇಂಡಿಯಾದ ಖಾತೆ ನೋಡಿಕೊಳ್ಳುತ್ತಿದ್ದವನು, ಇದು ಬೇಡ ಎಂದು ಬಡಕೊಂಡ. ಅವನ ಮಾತನ್ನು ಯಾರು ಕೇಳಿದರು? ಯಹೂದಿಗಳ ಮೇಲೆ ನನಗೇನೂ ಕೋಪವಿಲ್ಲ. ಯುರೋಪಿನ ಊರೂರಲ್ಲಿ ಒದೆಸಿಕೊಂಡವರಿಗೆ ಒಂದು ಮನೆ ಬೇಕೆನ್ನಿಸಿದ್ದರಲ್ಲಿ ತಪ್ಪೇನಿದೆ? ಒಬ್ಬರ ಕಷ್ಟವನ್ನೂ ಇನ್ನೊಬ್ಬರ ಆಸೆಯನ್ನೂ ತಮ್ಮ ಯುದ್ಧದ ಒಲೆಗೆ ಸೌದೆ ಮಾಡಿಕೊಂಡು, ಕೋಟಿನ ತೋಳು ಕೊಡವಿಕೊಂಡು ಊಟಕ್ಕೆ ಹೋದರಲ್ಲ, ಆ ಮಂದಿಯನ್ನು ಕಂಡರೆ ನನಗಾಗುವುದಿಲ್ಲ. ಮಾತು ಕೊಟ್ಟ ಯಾರೂ ಹೈಫಾದ ಗುಡ್ಡ ಹತ್ತಲಿಲ್ಲ. ಹತ್ತಿದವರು ಮೈಸೂರಿನಿಂದ, ಜೋಧಪುರದಿಂದ ಹೋದ ಸವಾರರು.

ಇದಿಷ್ಟನ್ನೂ ಅಧ್ಯಕ್ಷರಿಗೆ ಹೇಳಿದೆ. ಅವರು ತಾಳ್ಮೆಯಿಂದ ಕೇಳಿದರು. "ಸೂಪರ್ ಮೇಡಮ್. ಇದರಲ್ಲಿ ಪಾಸಿಟಿವ್ ಪಾಯಿಂಟ್ಸ್ ಮಾತ್ರ ತಗೊಳ್ಳೋಣ," ಎಂದರು. ಆ ಪತ್ರದ ತಾರೀಖು ನಮ್ಮ ರಾಜ್ಯೋತ್ಸವದ ಮರುದಿನಕ್ಕೆ ಬೀಳುತ್ತದೆ ಎಂದು ನಾನು ಬಾಯಿತಪ್ಪಿ ಹೇಳಿದ್ದಷ್ಟೇ ಅವರಿಗೆ ಹಿಡಿಸಿತು. ಅದನ್ನು ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಂಡರು.

ನಾನು ಸಾಹೇಬರು ಎಂದು ಕರೆಯುತ್ತಿದ್ದವರ ಪರಿಚಯವಾಗಿದ್ದು ಆ ದಿನಗಳಲ್ಲೇ. ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಲಾಟಿನಲ್ಲಿ ದಿನಾ ಬೆಳಿಗ್ಗೆ, ಕಾರುಗಳೆಲ್ಲ ಆಫೀಸಿಗೆ ಹೋದ ಮೇಲೆ, ಎತ್ತರದ ಒಬ್ಬ ಹಿರಿಯರು ಉಣ್ಣೆಯ ಟೋಪಿ ಹಾಕಿಕೊಂಡು ವಾಕ್ ಮಾಡುತ್ತಿದ್ದರು. ಮಗಳು ಔಷಧಿ ಕಂಪನಿಯಲ್ಲಿ ಕೆಲಸದಲ್ಲಿದ್ದಳು, ಅವಳನ್ನು ನೋಡಲು ಮೈಸೂರಿನಿಂದ ಬಂದವರು. ಮಂಡಿ ಮೊಹಲ್ಲಾದವರು. ರೇಷ್ಮೆ ಕಾರ್ಖಾನೆಯಲ್ಲಿ ದುಡಿದು ರಿಟೈರ್ ಆಗಿದ್ದರು. ನಾನೂ ಮೈಸೂರು ಎಂದು ಗೊತ್ತಾದ ಮೇಲೆ ದಿನವೂ ನಿಂತು ಮಾತಾಡಿಸುತ್ತಿದ್ದರು. ಆ ಇಡೀ ಅಪಾರ್ಟ್‌ಮೆಂಟಿನಲ್ಲಿ ಹಗಲು ಹೊತ್ತು ಕೆಲಸವಿಲ್ಲದೆ ಇದ್ದ ಕನ್ನಡಿಗರು ನಾವಿಬ್ಬರೇ ಇರಬೇಕು.

ಸಂಘದ ಈಮೇಲನ್ನು ಮಗಳು ಓದಿ ಹೇಳಿದ್ದಳಂತೆ. ಒಂದು ಬೆಳಿಗ್ಗೆ ಅವರು ನಮ್ಮ ಬಾಗಿಲು ತಟ್ಟಿದರು. ಸೋಫಾದ ಅಂಚಿಗೆ ಕೂತು, ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡರು.

"ಹೈಫಾ ಅಂತ ಪ್ರೋಗ್ರಾಮ್ ಮಾಡ್ತಾರಂತಲ್ಲಮ್ಮಾ. ನಮ್ಮಪ್ಪ ಅಲ್ಲಿಗೆ ಹೋಗಿದ್ರು. ಮಹಾರಾಜರ ಕುದುರೆ ಪಡೇಲಿ ಸವಾರರಾಗಿದ್ರು."

ನಾನು ಕಾಫಿ ಇಳಿಸುವುದನ್ನು ಬಿಟ್ಟು ಬಂದು ಎದುರಿಗೆ ಕೂತೆ.

ಅವರ ತಂದೆ ಆ ಯುದ್ಧದ ಬಗ್ಗೆ ಹೆಚ್ಚೇನೂ ಹೇಳಿರಲಿಲ್ಲವಂತೆ. ಗುಡ್ಡ, ಬಿಸಿಲು, ಕುದುರೆಗೆ ಕಾಲೂರಲು ಜಾಗವಿಲ್ಲದ ಕಲ್ಲು. ಒಂದೇ ಒಂದು ಸಂಗತಿಯನ್ನು ಮಾತ್ರ, ಮಗ ದೊಡ್ಡವನಾದ ಮೇಲೆ, ಒಮ್ಮೆ ಹೇಳಿದ್ದರು. ಗುಡ್ಡದ ಮೇಲೆ ತುರ್ಕರ ಕಡೆಯ ಸಿಪಾಯಿಗಳು ಕೈಯೆತ್ತಿ ನಿಂತಿದ್ದರು. ಇವರ ತಂದೆ ಏದುಸಿರು ಬಿಡುತ್ತ ಕುದುರೆಯಿಂದಿಳಿದು, ಯಾ ಅಲ್ಲಾ ಎಂದರು. ಕೈಯೆತ್ತಿ ನಿಂತಿದ್ದ ಒಬ್ಬ ಅದನ್ನು ಕೇಳಿಸಿಕೊಂಡ. ಇವರ ಮುಖ ನೋಡಿ, ಮುಸಲ್ಮಾನನೇ ಎಂದ. ಇವರು ಹೌದೆಂದು ತಲೆ ಆಡಿಸಿದರು. ಅವನು ಎತ್ತಿದ್ದ ಕೈಯನ್ನು ಅಂಗೈ ಮೇಲಾಗಿ ಒಮ್ಮೆ ತಿರುಗಿಸಿದ, ಮತ್ತೆ ಯಾಕೆ ಬಂದೆ ಎನ್ನುವ ಹಾಗೆ.

"ಊರಿಗೆ ಬಂದ್ಮೇಲೆ ಮೊಹಲ್ಲಾದೋರು ಬಿಡ್ಲಿಲ್ಲಮ್ಮಾ. ತುರ್ಕಿ ಸುಲ್ತಾನ ಅಂದ್ರೆ ನಮ್ಗೆಲ್ಲ ಖಲೀಫರು. ಖಲೀಫರ ಮೇಲೆ ಕುದುರೆ ಹತ್ತಿಸ್ದೋನು ಅಂದ್ರು. ನಮ್ಮಪ್ಪ ಸಾಯೋವರೆಗೂ ಮಸೀದೀಲಿ ಕೊನೇ ಸಾಲಲ್ಲೇ ನಿಂತ್ರು. ಯಾರೂ ಅವರ ಹೆಸರು ಹಿಡಿದು ಕರೀತಿರ್ಲಿಲ್ಲ. ನನ್ನನ್ನೂ ಕುದುರೆಯೋನ ಮಗ ಅಂತ್ಲೇ ಅಂದ್ರು. ಸರ್ಕಾರದೋರು ಕಲ್ಲು ನೆಡ್ತಾರೆ, ಅದ್ರಲ್ಲಿ ಸತ್ತೋರ ಹೆಸರು ಬರೀತಾರೆ. ಬದುಕಿ ಬಂದೋರ್ದು ಯಾಕಿರತ್ತೆ?"

"ಏನು ಮಾಡ್ಬೇಕು ಹೇಳಿ ಸಾಹೇಬರೇ," ಎಂದೆ.

"ನಮ್ಮ ಮೈಸೂರು ಕಡೆ ಜನ ಇಲ್ಲಿ ಇಷ್ಟೊಂದು ಇದ್ದೀರಿ. ಎಲ್ಲರ ಎದುರಿಗೆ ಒಂದ್ಸಲ ನಮ್ಮಪ್ಪನ ಹೆಸರು ಮರ್ಯಾದೆಯಿಂದ ಗಟ್ಟಿಯಾಗಿ ಹೇಳ್ಬಿಟ್ರೆ ಸಾಕು. ಬರೆಯೋದು ಬೇಡ. ಬಾಯಲ್ಲಿ ಹೇಳ್ಬೇಕು. ಪ್ರೋಗ್ರಾಮ್ ಆದ್ಮೇಲೆ ನಾನು ಊರಿಗೆ ಹೊರಡ್ತೀನಿ. ಈ ವಯಸ್ಸಲ್ಲಿ ಮತ್ತೆ ಬರೋದಾಗಲ್ಲ."

ಅಲ್ಲ, ಅವರು ಯಾಕೆ ಹೋದರು ಎಂದು ನಿಮಗಾದರೂ ಗೊತ್ತೇ ಎಂದು ಕೇಳಿದೆ. ಸಾಹೇಬರು ಟೋಪಿ ಹಾಕಿಕೊಂಡು, ಕಾಫಿ ಚೆನ್ನಾಗಿತ್ತಮ್ಮಾ ಎಂದು ಎದ್ದರು. ಕಾಫಿ ಇನ್ನೂ ಫಿಲ್ಟರಿನಲ್ಲೇ ಇತ್ತು.

ಆ ಸಂಜೆಯೇ ಅವರನ್ನು ಕರೆದುಕೊಂಡು ಅಧ್ಯಕ್ಷರ ಮನೆಗೆ ಹೋದೆ. ಅಧ್ಯಕ್ಷರು ಎರಡೂ ಕೈಯಿಂದ ಸಾಹೇಬರ ಕೈ ಹಿಡಿದುಕೊಂಡರು. "ಅಂಕಲ್, ವಾಟ್ ಆನ್ ಆನರ್! ನನ್ನ ಸ್ಪೀಚಲ್ಲಿ ಫಸ್ಟೇ ನಿಮ್ಮ ಫಾದರ್ ಹೆಸರು. ನಿಮಗೆ ಶಾಲು, ಮೈಸೂರು ಪೇಟ. ಖಂಡಿತ." ಹಿಂತಿರುಗುವ ದಾರಿಯುದ್ದಕ್ಕೂ ಸಾಹೇಬರ ತುಟಿ ಸಣ್ಣಗೆ ಅಲುಗುತ್ತಿತ್ತು, ತಂದೆಯ ಹೆಸರನ್ನು ಹೇಳಿಕೊಳ್ಳುತ್ತಿರುವ ಹಾಗೆ. ಆ 'ಖಂಡಿತ'ದ ಬೆಲೆ ಗೊತ್ತಿದ್ದ ನಾನು ರಸ್ತೆ ನೋಡಿಕೊಂಡು ಡ್ರೈವ್ ಮಾಡಿದೆ.

ಮೈಕು, ಅಡಿಗೆಮನೆ ನೋಡಿಕೊಂಡು ಬರಲು ಸಂಘದವರು ನನ್ನನ್ನು ಆ ಹಾಲಿಗೆ ಕಳಿಸಿದರು. ಮೇಡಮ್‌ಗೆ ಟೈಮ್ ಇರತ್ತೆ ಎನ್ನುವುದು ಸಂಘದ ಅರ್ಧ ಕೆಲಸಗಳ ಹಿಂದಿದ್ದ ತತ್ವ. ಹಲ್ಲಿನ ಡಾಕ್ಟರು ಸ್ವಿಚ್ಚುಗಳನ್ನೆಲ್ಲ ತೋರಿಸಿ, ಕೊನೆಗೆ ಹೇಳಿದರು: ನಿಮ್ಮ ಅಧ್ಯಕ್ಷರು ಬಹಳ ಒಳ್ಳೆಯವರು, ಯುದ್ಧದ ಮಾತು, ಆ ನೆಲ ಯಾರದು ಎನ್ನುವ ಮಾತು ಸ್ಟೇಜಿನ ಮೇಲೆ ಬರುವುದಿಲ್ಲ ಎಂದು ನನಗೆ ಭಾಷೆ ಕೊಟ್ಟಿದ್ದಾರೆ. ಅದರ ಬಗ್ಗೆ ನಮ್ಮವರೇ ಈ ಕಟ್ಟಡದಲ್ಲಿ ಪ್ರತಿ ವಾರ ಕಿತ್ತಾಡುತ್ತಾರೆ, ಒಂದು ಭಾನುವಾರವಾದರೂ ಗೋಡೆಗಳಿಗೆ ರಜೆ ಬೇಕು. ನಾನು ನಕ್ಕೆ. ಇದು ಎರಡನೇ 'ಖಂಡಿತ' ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿಕೊಂಡೆ.

ಮರುದಿನ ಓಕ್ ಟ್ರೀ ರೋಡಿನ ತರಕಾರಿ ಅಂಗಡಿಯ ಮುಂದೆ ಊಟದ ಪ್ರಾಯೋಜಕರು ಸಿಕ್ಕರು. ಮನೆ ಮಾರಿಸುವ ದಲ್ಲಾಳಿ, ಸಂಘದ ಪಾಲಿಗೆ ದೊಡ್ಡ ಕುಳ. "ಹೈಫಾ ಯುದ್ಧದ ರೂಪಕ ಗ್ರ್ಯಾಂಡಾಗಿ ಮಾಡಿಸ್ತಿದ್ದಾರೆ ಪ್ರೆಸಿಡೆಂಟ್ರು. ಸವಾರರಿಗೆಲ್ಲ ಹಣೆಗೆ ಕುಂಕುಮ ಇಡಿಸ್ತೀನಿ ಅಂದಿದ್ದಾರೆ. ನಾನು ಕ್ಲಿಯರಾಗಿ ಹೇಳ್ದೆ, ವೀರರು ಅಂದ್ರೆ ನಮ್ಮೋರ ಥರ ಕಾಣ್ಬೇಕು, ಸ್ಟೇಜ್ ಮೇಲೆ ಬೇರೆಯೋರನ್ನ ತರಬೇಡಿ ಅಂತ. ಖಂಡಿತ ಅಂದ್ರು," ಎಂದರು. ಬೇರೆಯವರು ಎಂದರೆ ಯಾರು ಎಂದು ಕೇಳಿದೆ. ಅವರು ಬದನೆಕಾಯಿ ಆರಿಸುವುದರಲ್ಲಿ ಮಗ್ನರಾದರು.

ರಿಹರ್ಸಲ್ ನಮ್ಮ ಅಪಾರ್ಟ್‌ಮೆಂಟಿನ ಕಮ್ಯೂನಿಟಿ ರೂಮಿನಲ್ಲಿ ನಡೆಯುತ್ತಿತ್ತು. ನಾನು ಹೋದಾಗ ಏಳೆಂಟು ಜನ ಡೇಟಾಬೇಸ್ ಪಂಡಿತರು ಸೊಂಟಕ್ಕೆ ಕೀಲುಕುದುರೆ ಕಟ್ಟಿಕೊಂಡು ಹೈಫಾ ಗೆಲ್ಲುತ್ತಿದ್ದರು. ಕಂಪ್ಯೂಟರ್ ಮಾನಿಟರ್ ಬಂದ ರಟ್ಟಿನ ಡಬ್ಬಗಳನ್ನು ಕತ್ತರಿಸಿ ಕುದುರೆ ಮಾಡಿದ್ದರು. ಒಂದು ಕುದುರೆಯ ಹೊಟ್ಟೆಯ ಮೇಲೆ 'ಈ ಬದಿ ಮೇಲೆ' ಎಂಬ ಬಾಣದ ಗುರುತು ಕೆಳಮುಖವಾಗಿ ಕಾಣುತ್ತಿತ್ತು. ಅಧ್ಯಕ್ಷರನ್ನು ಮೂಲೆಗೆ ಕರೆದು, ಒಂದೇ ಐದು ನಿಮಿಷವನ್ನು ಮೂವರಿಗೆ ಕೊಟ್ಟಿದ್ದೀರಲ್ಲ, ಇದು ಹೇಗೆ ಎಂದು ಕೇಳಿದೆ.

ಅವರಿಗೆ ಸ್ವಲ್ಪವೂ ನಾಚಿಕೆಯಾಗಲಿಲ್ಲ. "ಮೇಡಮ್, ಮೂರು ಜನಕ್ಕೂ ಪ್ರಾಮಿಸ್ ಮಾಡಿರೋದು ನಿಜ. ಆದ್ರೆ ಒಬ್ಬೊಬ್ಬರಿಗೂ ಬೇರೆ ಬೇರೆ ಪ್ರಾಮಿಸ್. ಓವರ್‌ಲ್ಯಾಪ್ ಇದೆ, ಕಾನ್‌ಫ್ಲಿಕ್ಟ್ ಇಲ್ಲ," ಎಂದರು. "ಅಂಕಲ್‌ದು ನಾನು ಮರ್ತಿಲ್ಲ. ಕೊನೇಲಿ ಹಾಕಿದ್ದೀನಿ ನೋಡಿ."

ಕಾರ್ಯಕ್ರಮದ ಪಟ್ಟಿಯನ್ನು ಗೋಡೆಗೆ ಅಂಟಿಸಿದ್ದರು. ಪ್ರಾರ್ಥನೆ, ದೀಪ ಬೆಳಗುವುದು, ಸ್ವಾಗತ, ಅಧ್ಯಕ್ಷರ ಭಾಷಣ, ರೂಪಕ. ಅದರ ಕೆಳಗೆ, ನಮ್ಮ ಊರಿನ ಸಹಕಾರ ಸಂಘದ ಸಭೆಯಿಂದ ಹಿಡಿದು ಎಲ್ಲ ಸಭೆಗಳಲ್ಲೂ ಇರುವ ಆ ಸಾಲು: 'ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ'. ಅದರ ಕೆಳಗೆ ವಂದನಾರ್ಪಣೆ, ಅದಕ್ಕೆ ನನ್ನ ಹೆಸರು. ಕೆಲಸವಿಲ್ಲದ ಹೆಂಗಸರಿಗೆ ವಂದನಾರ್ಪಣೆ ಕೊಡುವುದು ಸಂಘದ ವಾಡಿಕೆ. ಗುಡ್ಡ ಹತ್ತಿದ ಮನುಷ್ಯ 'ಇತರೆ'ಯಲ್ಲಿದ್ದ. ಆ ಇತರೆಯನ್ನು ಯಾವ ಅಧ್ಯಕ್ಷನೂ ಎಂದೂ ಅಪ್ಪಣೆ ಕೊಟ್ಟು ನಡೆಸಿದ್ದನ್ನು ನಾನು ಕಂಡವಳಲ್ಲ. ಲಂಡನ್ನಿನ ಮಂತ್ರಿಯಾದರೂ ಆ ಪತ್ರವನ್ನು ಬರೆಯುವ ಮೊದಲು ನಾಲ್ಕಾರು ಕರಡು ತಿದ್ದಿಸಿದ್ದ. ನಮ್ಮವರಿಗೆ ಅಷ್ಟು ಶ್ರಮವೂ ಬೇಕಾಗಲಿಲ್ಲ.

ಕಾರ್ಯಕ್ರಮದ ದಿನ ಚಳಿ ಇತ್ತು. ಸಾಹೇಬರು ಕಪ್ಪು ಶೇರ್ವಾನಿ ಇಸ್ತ್ರಿ ಮಾಡಿಸಿಕೊಂಡು ಬಂದಿದ್ದರು. ಮುಂದೆ ಕೂರಿ ಎಂದರೆ ಕೇಳಲಿಲ್ಲ, ಕೊನೆಯ ಸಾಲಿಗೇ ಹೋಗಿ ಕೂತರು. ಮಗಳು ಪಕ್ಕದಲ್ಲಿ ಕೂತಳು. ಹೊಗೆ ಕಂಡರೆ ಅಲಾರಂ ಹೊಡೆದುಕೊಳ್ಳುತ್ತದೆಂದು ಬ್ಯಾಟರಿಯ ದೀಪ ಬೆಳಗಿ ಸಭೆ ಶುರು ಮಾಡಿದರು. ಹಲ್ಲಿನ ಡಾಕ್ಟರಿಗೆ ಶಾಲು ಹೊದೆಸಿ, ಅವರ ನೆತ್ತಿಯ ಮೇಲಿದ್ದ ಪುಟ್ಟ ಯಹೂದಿ ಟೋಪಿಯ ಮೇಲೆಯೇ ಮೈಸೂರು ಪೇಟ ಇಟ್ಟರು. ಅದು ಹುಬ್ಬಿನ ತನಕ ಇಳಿಯಿತು. ಪಾಪ, ಅವರು ತೆಗೆಯಲಿಲ್ಲ.

ನಾನು ಬರೆದುಕೊಟ್ಟ ಎರಡು ಹಾಳೆಯಲ್ಲಿ ಅಧ್ಯಕ್ಷರು ಉಳಿಸಿಕೊಂಡದ್ದು ತಾರೀಖಿನ ಆ ಕಾಕತಾಳೀಯವೊಂದನ್ನೇ. ಮಿಕ್ಕಿದ್ದು ಅವರದೇ ಸ್ವಂತ. ಮೈಸೂರಿನವರಾದ ನಾವು ನಿಮಗೆ ನಿಮ್ಮ ದೇಶವನ್ನು ಕೊಡಿಸಿದೆವು, ಇವತ್ತು ನೀವು ನಮಗೆ ನಿಮ್ಮ ಹಾಲನ್ನು ಕೊಟ್ಟಿದ್ದೀರಿ ಎಂದು ಇಂಗ್ಲಿಷಿನಲ್ಲಿ ಸಾರಿ, ಹಲ್ಲಿನ ಡಾಕ್ಟರ ಕಡೆ ಕೈ ಮಾಡಿದರು. ಚಪ್ಪಾಳೆ ಬಿತ್ತು. ಯುದ್ಧದ ಮಾತು ಬರುವುದಿಲ್ಲ ಎಂದು ಭಾಷೆ ತೆಗೆದುಕೊಂಡಿದ್ದ ಆ ಮನುಷ್ಯ ಪೇಟದ ಕೆಳಗಿನಿಂದ ನೋಡುತ್ತ, ಪಕ್ಕದಲ್ಲಿ ಕೂತಿದ್ದ ನನಗೆ ಮಾತ್ರ ಕೇಳುವಂತೆ, "ಹಾಗಾದರೆ ಬಾಡಿಗೆ ಕಮ್ಮಿ ಮಾಡಬೇಕೇನು?" ಎಂದರು. ಮೊದಲನೆಯ ಮಾತು ಹಾಗೆ ಮುರಿದುಬಿತ್ತು. ಸಾಹೇಬರ ತಂದೆಯ ಹೆಸರು ಭಾಷಣದ ಮೊದಲಲ್ಲೂ ಬರಲಿಲ್ಲ, ಕೊನೆಯಲ್ಲೂ ಬರಲಿಲ್ಲ. ಆಮೇಲೆ ಕುಂಕುಮ ಇಟ್ಟ ರಟ್ಟಿನ ಕುದುರೆಗಳು ಬಂದು ಸ್ಟೇಜಿನ ತುಂಬ ಕುಣಿದವು. ಒಂದು ಕುದುರೆಯ ತಲೆ ಕಳಚಿ ಬಿತ್ತು. ಪ್ರಾಯೋಜಕರು ಎದ್ದು ನಿಂತು ಶಿಳ್ಳೆ ಹೊಡೆದರು. ಮೂರರಲ್ಲಿ ಉಳಿದದ್ದು ಅವರಿಗೆ ಕೊಟ್ಟ ಮಾತೊಂದೇ.

ಕುದುರೆಗಳು ಇಳಿದ ಮೇಲೆ ಅಧ್ಯಕ್ಷರು ಮೈಕಿಗೆ ಬಂದು ಗಡಿಯಾರ ನೋಡಿಕೊಂಡರು. ನಾನು ಹಿಂದಕ್ಕೆ ತಿರುಗಿ ನೋಡಿದೆ. ಸಾಹೇಬರು ಶೇರ್ವಾನಿಯ ಗುಂಡಿ ಸರಿಮಾಡಿಕೊಂಡು, ಕರೆದರೆ ಏಳಲು ಅನುವಾಗಿ ಕುರ್ಚಿಯ ತುದಿಗೆ ಬಂದಿದ್ದರು.

"ಸಮಯದ ಅಭಾವದಿಂದ ಇತರೆ ಕಾರ್ಯಕ್ರಮಗಳನ್ನ ಕೈಬಿಡಲಾಗಿದೆ. ಊಟ ರೆಡಿ ಇದೆ. ಈಗ ಬ್ರೀಫ್ ಆಗಿ ವಂದನಾರ್ಪಣೆ," ಎಂದರು ಅಧ್ಯಕ್ಷರು.

ಸಾಹೇಬರು ಮತ್ತೆ ಕುರ್ಚಿಯ ಬೆನ್ನಿಗೆ ಒರಗಿದರು. ಅವರ ಮುಖದಲ್ಲಿ ಕೋಪವೇನೂ ಕಾಣಲಿಲ್ಲ. ಅಭ್ಯಾಸವಾದವರ ಮುಖ ಅದು. ಅದನ್ನು ನೋಡಿ ನನಗೆ ಅಳುವೂ ಬಂತು, ಅಧ್ಯಕ್ಷರ ಕಪಾಳಕ್ಕೆ ಬಾರಿಸಬೇಕೆಂದೂ ಅನ್ನಿಸಿತು.

ನಮ್ಮ ಸಭೆಗಳಲ್ಲಿ ಒಂದು ಕಟ್ಟುಪಾಡಿದೆ. ವಂದನಾರ್ಪಣೆ ಮುಗಿಯುವ ತನಕ ಊಟದ ಪಾತ್ರೆಯ ಮುಚ್ಚಳ ತೆಗೆಯುವುದಿಲ್ಲ. ಜನ ಅದನ್ನು ಕೇಳುವುದಿಲ್ಲ ನಿಜ, ಆದರೆ ಅದು ಮುಗಿಯಲಿ ಎಂದು ಕಾಯುತ್ತಾರೆ. ಆಗಲೇ ಅರ್ಧ ಹಾಲ್ ಎದ್ದು ಅಡಿಗೆಮನೆಯ ಬಾಗಿಲಲ್ಲಿ ಸಾಲು ನಿಂತಿತ್ತು. ಒಳಗಿನಿಂದ ಬಿಸಿಬೇಳೆಭಾತಿನ ಘಮ ಬರುತ್ತಿತ್ತು. ಬಡಿಸುವವರು ಸೌಟು ಹಿಡಿದು ನನ್ನ ಬಾಯಿಯನ್ನೇ ನೋಡುತ್ತಿದ್ದರು. ಇಷ್ಟು ವರ್ಷಗಳಲ್ಲಿ ಆ ಸಂಘ ನನ್ನ ಕೈಗೆ ಕೊಟ್ಟಿದ್ದ ಅಧಿಕಾರ ಅದೊಂದೇ.

ಮೈಕು ಹಿಡಿದು ಹೇಳಿದೆ. "ವಂದನೆ ಸಲ್ಲಬೇಕಾದ ಹೆಸರು ಇವತ್ತು ಒಂದೇ ಇದೆ. ಮೈಸೂರಿನ ಮಂಡಿ ಮೊಹಲ್ಲಾದ ಒಬ್ಬ ಸವಾರರು. ಹೈಫಾದ ಗುಡ್ಡವನ್ನು ರಟ್ಟಿನ ಕುದುರೆಯಲ್ಲಿ ಹತ್ತಿದವರಲ್ಲ, ನಿಜವಾದ ಕುದುರೆಯಲ್ಲಿ ಹತ್ತಿದವರು. ಅವರ ಮಗ ಕೊನೆಯ ಸಾಲಿನಲ್ಲಿದ್ದಾರೆ. ನಾನು ಆ ಹೆಸರು ಹೇಳುತ್ತೇನೆ. ಎಲ್ಲರೂ ಅವರ ಕಡೆ ತಿರುಗಿ ನಿಂತು ಗಟ್ಟಿಯಾಗಿ ಹೇಳಬೇಕು. ಹೇಳಿದ ಮೇಲೆ ಊಟ."

ಹೆಸರು ಹೇಳಿದೆ. ಒಂದಷ್ಟು ಜನ ಗೊಣಗಿದರು. ಪ್ರಾಯೋಜಕರು ಅಧ್ಯಕ್ಷರ ಕಡೆ ನೋಡಿದರು, ಅಧ್ಯಕ್ಷರು ಮೈಕಿನ ಕಡೆ ಒಂದು ಹೆಜ್ಜೆ ಇಟ್ಟರು. ನಾನು ಮೈಕನ್ನು ಸ್ಟ್ಯಾಂಡಿನಿಂದ ಕಿತ್ತುಕೊಂಡು ಪಕ್ಕಕ್ಕೆ ಸರಿದೆ.

"ಕೇಳಿಸಲಿಲ್ಲ. ಭಾತು ಆರುತ್ತಿದೆ," ಎಂದೆ.

ಹಸಿದ ಕನ್ನಡಿಗನ ಬಾಯಲ್ಲಿ ಏನು ಬೇಕಾದರೂ ಹೇಳಿಸಬಹುದು. ಎರಡನೇ ಸಲ ಹೆಸರು ಹೇಳಿದಾಗ ಇಡೀ ಹಾಲ್ ಕೂಗಿತು. ಡೇಟಾಬೇಸ್ ಪಂಡಿತರು ಸೊಂಟದಲ್ಲಿ ಕುದುರೆ ಇಟ್ಟುಕೊಂಡೇ ಕೂಗಿದರು. ಮಕ್ಕಳು ಅಮೆರಿಕನ್ ನಾಲಿಗೆಯಲ್ಲಿ ಕೂಗಿದವು. ಪೇಟದ ಹಲ್ಲಿನ ಡಾಕ್ಟರು ಏನೆಂದು ತಿಳಿಯದಿದ್ದರೂ ಎದ್ದು ನಿಂತು, ನನ್ನ ತುಟಿಯನ್ನೇ ನೋಡುತ್ತ ಒಂದೊಂದೇ ಅಕ್ಷರ ಹೇಳಿದರು. ಮೂರನೇ ಸಲ ನಾನು ಕೇಳಲೇ ಇಲ್ಲ, ಅವರೇ ಕೂಗಿದರು. ಕೂಗಿದವರೇ ಪಾತ್ರೆಗಳ ಕಡೆ ನುಗ್ಗಿದರು. ಸಾಹೇಬರು ಮಾತ್ರ ಎದ್ದು ನಿಂತವರು ಇನ್ನೂ ಹಾಗೇ ನಿಂತಿದ್ದರು. ಮಗಳು ಅವರ ತೋಳು ಹಿಡಿದುಕೊಂಡು ಅಳುತ್ತಿದ್ದಳು.

ಊಟದ ಸಾಲಿನಲ್ಲಿ ಅಧ್ಯಕ್ಷರು ತಟ್ಟೆ ಹಿಡಿದು ನನ್ನ ಪಕ್ಕಕ್ಕೆ ಬಂದರು. ಜಗಳವಾಡುತ್ತಾರೆ ಎಂದುಕೊಂಡೆ. ಅವರ ಮುಖ ಬೆಳಗುತ್ತಿತ್ತು. "ನೋಡಿದ್ರಾ ಮೇಡಮ್? ಅಂಕಲ್‌ಗೆ ಕೊಟ್ಟ ಮಾತು ನಡೆಸ್ಕೊಟ್ವಿ. ಎಲ್ರೂ ಹ್ಯಾಪಿ," ಎಂದು ಹಪ್ಪಳ ಹಾಕಿಸಿಕೊಂಡು ಮುಂದೆ ಹೋದರು. ಬೈಯುವುದಕ್ಕೂ ಒಂದು ಯೋಗ್ಯತೆ ಬೇಕು ಎಂದುಕೊಂಡೆ.

ಎರಡು ತಟ್ಟೆ ಹಾಕಿಸಿಕೊಂಡು ಸಾಹೇಬರ ಬಳಿ ಹೋದೆ. ಆಗಲೇ ಯಾರಿಗೂ ಅವರ ನೆನಪಿರಲಿಲ್ಲ. ನನಗೆ ಗೆದ್ದ ಸಂತೋಷ ಇಳಿದುಹೋಗಿತ್ತು.

"ಬೇಜಾರು ಮಾಡ್ಕೋಬೇಡಿ ಸಾಹೇಬರೇ," ಎಂದೆ. "ಮರ್ಯಾದೆಗೆ ಹೇಳ್ಲಿಲ್ಲ ಇವರು. ಊಟಕ್ಕೋಸ್ಕರ ಹೇಳಿದ್ರು."

ಅವರು ತಟ್ಟೆ ತೆಗೆದುಕೊಂಡು ಮಡಿಲಲ್ಲಿಟ್ಟುಕೊಂಡರು. ಬಿಸಿಯನ್ನು ಬೆರಳ ತುದಿಯಿಂದ ಮುಟ್ಟಿ ನೋಡಿದರು.

"ಗೊತ್ತಾಯ್ತಮ್ಮಾ," ಎಂದರು. "ನಮ್ಮಪ್ಪ ಅಷ್ಟು ದೂರ ಹೋಗಿದ್ದೂ ಅದಕ್ಕೇ. ಮನೇಲಿ ಊಟ ಇರ್ಲಿಲ್ಲ."